ಕೋಲ್ಡ್ ಸ್ಟೋರೇಜ್‌ನ ತಾಪಮಾನ ನಡುರಾತ್ರಿಯಲ್ಲೂ ಫೋನಿಗೆ ಬರಬೇಕಾದರೆ

ನವಿ ಮುಂಬೈಯ ತುರ್ಭೆ, ಮಹಾಪೆ, ವಾಶಿ ಸುತ್ತಿನ ಕೋಲ್ಡ್ ಸ್ಟೋರೇಜ್‌ಗಳಲ್ಲಿ ಪ್ರತಿ ಕೋಣೆಯ ಬಾಗಿಲ ಪಕ್ಕ ಒಂದು ಕಂಟ್ರೋಲರ್ ಇರುತ್ತದೆ. ಆಪರೇಟರ್ ಗಂಟೆಗೊಮ್ಮೆ ಬಂದು ಅದರ ಅಂಕಿಯನ್ನು ರಿಜಿಸ್ಟರಿನಲ್ಲಿ ಬರೆದುಕೊಳ್ಳುತ್ತಾರೆ. ಒಂದು ಸಲ ಬರೆದು ಇನ್ನೊಂದು ಸಲ ಬರೆಯುವುದರೊಳಗೆ ಕಂಪ್ರೆಸರ್ ಟ್ರಿಪ್ ಆದರೆ ಯಾರಿಗೂ ಗೊತ್ತಾಗುವುದಿಲ್ಲ. ಅದೇ ಕಂಟ್ರೋಲರಿನ ಹಿಂಬದಿಯಲ್ಲಿ ಎ, ಬಿ ಎಂಬ ಎರಡು ಟರ್ಮಿನಲ್‌ಗಳು ಬಹುಪಾಲು ಕಡೆ ಖಾಲಿ ಬಿದ್ದಿರುತ್ತವೆ. ಅವೇ ಆರ್‌ಎಸ್-485 ಟರ್ಮಿನಲ್‌ಗಳು, ಅಂದರೆ ಎರಡು ತಂತಿಗಳ ಮೇಲೆ ಅಂಕಿ ಕಳಿಸುವ ದಾರಿ. ಅಲ್ಲಿಂದ ಹೊರಟ ಅಂಕಿ ಮಾಲೀಕರ, ಎಂಜಿನಿಯರ್ ಅವರ, ರಾತ್ರಿ ಪಾಳಿಯವರ ಫೋನ್ ತಲುಪುವ ತನಕದ ಕೆಲಸ ಇಲ್ಲಿದೆ. ಕಲಬುರಗಿ, ವಿಜಯಪುರ ಕಡೆಯಿಂದ ಬಂದು ನವಿ ಮುಂಬೈ, ಪುಣೆ, ಗೋವಾದಲ್ಲಿ ಪ್ಯಾನೆಲ್ ಕೆಲಸ ಮಾಡುವ ನಮ್ಮವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು ಇದು.

ಉದಾಹರಣೆಗೆ ಆರು ಕೋಣೆಗಳ ಒಂದು ಕಟ್ಟಡ ತೆಗೆದುಕೊಳ್ಳೋಣ. ನಾಲ್ಕರಲ್ಲಿ ದ್ರಾಕ್ಷಿ, ದಾಳಿಂಬೆ. ಎರಡರಲ್ಲಿ −18 ಡಿಗ್ರಿಯಲ್ಲಿ ಮೀನು. ಮೊದಲ ಕೋಣೆಯಿಂದ ಕೊನೆಯ ಕೋಣೆ ದಾಟಿ ಆಫೀಸಿನವರೆಗೆ ಕೇಬಲ್ ದಾರಿ 90 ಮೀಟರ್.

ಬೇಕಾಗುವ ಸಾಮಾನು

- ಮಾಡ್‌ಬಸ್ ಆರ್‌ಟಿಯು (ಆ ತಂತಿಗಳ ಮೇಲೆ ಸಾಧನಗಳು ಮಾತಾಡುವ ಭಾಷೆ) ಇರುವ ಕಂಟ್ರೋಲರ್ 6. ಈಗಿರುವವೇ ನಡೆಯಬಹುದು, ಆದರೆ ಮಾಡೆಲ್ ನಂಬರನ್ನು ಕೊನೆಯ ಅಕ್ಷರದವರೆಗೂ ಓದಿ. ನೋಡಲು ಒಂದೇ ಥರ ಇರುವ ಕಂಟ್ರೋಲರ್ ಕಮ್ಯುನಿಕೇಶನ್ ಪೋರ್ಟ್ ಇದ್ದೂ, ಇಲ್ಲದೆಯೂ ಮಾರಾಟಕ್ಕೆ ಬರುತ್ತದೆ.
- ಶೀಲ್ಡ್ ಇರುವ, ಎರಡು ಜೋಡಿ ಹೆಣೆದ ತಂತಿಗಳ ಕೇಬಲ್, 110 ಮೀಟರ್ (ಪ್ಯಾನೆಲ್ ಒಳಗೆ ಇಳಿಸಲು ಹೆಚ್ಚುವರಿ ಸೇರಿ).
- 120 ಓಮ್ ರೆಸಿಸ್ಟರ್ 2, 560 ಓಮ್ ರೆಸಿಸ್ಟರ್ 2, ಎಲ್ಲವೂ ಕಾಲು ವ್ಯಾಟ್.
- 4ಜಿ ಗೇಟ್‌ವೇ 1, ಅಂದರೆ ಕಂಟ್ರೋಲರ್‌ಗಳನ್ನು ಓದಿ ಮೊಬೈಲ್ ನೆಟ್‌ವರ್ಕ್ ಮೂಲಕ ಸರ್ವರಿಗೆ ಕಳಿಸುವ ಸಾಧನ. ಅದರ ಆರ್‌ಎಸ್-485 ಪೋರ್ಟ್ ಐಸೊಲೇಟೆಡ್ (ಉಳಿದ ಸರ್ಕ್ಯೂಟಿನಿಂದ ವಿದ್ಯುತ್ ಸಂಪರ್ಕವಿಲ್ಲದ್ದು) ಆಗಿರಲಿ, ಕನಿಷ್ಠ ಎರಡು ಡಿಜಿಟಲ್ ಇನ್‌ಪುಟ್ ಇರಲಿ, ನೆಟ್‌ವರ್ಕ್ ಇಲ್ಲದಾಗ ರೀಡಿಂಗ್ ಕೂಡಿಟ್ಟುಕೊಳ್ಳುವ ಮೆಮೊರಿ ಇರಲಿ.
- 12 ವೋಲ್ಟ್ ಡಿಸಿ ಯುಪಿಎಸ್, 7 ಆಂಪಿಯರ್-ಅವರ್ ಬ್ಯಾಟರಿ.
- 3 ಮೀಟರ್ ಕೇಬಲ್ ಇರುವ ಹೊರ ಆಂಟೆನಾ, ಐಪಿ65 ಬಾಕ್ಸ್, ಗ್ಲ್ಯಾಂಡ್, ಫೆರೂಲ್.
- ಪರೀಕ್ಷೆಗೆ ಲ್ಯಾಪ್‌ಟಾಪ್, ಯುಎಸ್‌ಬಿ–ಆರ್‌ಎಸ್-485 ಕನ್ವರ್ಟರ್, ಮಲ್ಟಿಮೀಟರ್.

ಮೊದಲು ಸೆನ್ಸರ್ ಸತ್ಯ ಹೇಳಲಿ

ತಪ್ಪು ಅಂಕಿಯನ್ನು ದೂರಕ್ಕೆ ಕಳಿಸಿ ಫಲವಿಲ್ಲ. ಆದ್ದರಿಂದ ಕೇಬಲ್ ಎಳೆಯುವ ಮೊದಲು ಸೆನ್ಸರ್ ಪರೀಕ್ಷೆ ಮುಗಿಸಿ. ಶುದ್ಧ ನೀರಿನ ಐಸನ್ನು ಪುಡಿ ಮಾಡಿ ಥರ್ಮಾಸ್ ಫ್ಲಾಸ್ಕಿನಲ್ಲಿ ತುಂಬಿ, ಸಂದುಗಳು ತುಂಬುವಷ್ಟೇ ನೀರು ಹಾಕಿ, ಸೆನ್ಸರನ್ನು 15 ನಿಮಿಷ ಮುಳುಗಿಸಿಡಿ. ಡಿಸ್‌ಪ್ಲೇ 0.0ರ ಹತ್ತಿರ ಬರಬೇಕು. ಇಲ್ಲಿನ ಸೆನ್ಸರ್ ಪಿಟಿ100, ತಾಪಮಾನಕ್ಕೆ ತಕ್ಕಂತೆ ರೆಸಿಸ್ಟೆನ್ಸ್ ಬದಲಾಗುವ ಪ್ಲಾಟಿನಂ ಸೆನ್ಸರ್. ಅದರ ರೆಸಿಸ್ಟೆನ್ಸ್ 0 ಡಿಗ್ರಿಯಲ್ಲಿ 100 ಓಮ್, 100 ಡಿಗ್ರಿಯಲ್ಲಿ 138.5 ಓಮ್. ಕ್ಲಾಸ್ ಬಿ ಸೆನ್ಸರಿಗೆ 0 ಡಿಗ್ರಿಯಲ್ಲಿ ±0.3 ಡಿಗ್ರಿ, ಕ್ಲಾಸ್ ಎ ಸೆನ್ಸರಿಗೆ ±0.15 ಡಿಗ್ರಿ ವ್ಯತ್ಯಾಸ ಸಹಜ. ಅದಕ್ಕಿಂತ ಹೆಚ್ಚು ತೋರಿಸಿದರೆ ಕಂಟ್ರೋಲರಿನ ಆಫ್‌ಸೆಟ್ ಬದಲಿಸಲು ಆತುರಪಡಬೇಡಿ. ಮೊದಲು ವೈರಿಂಗ್ ನೋಡಿ.

ಪಿಟಿ100ಕ್ಕೆ ಮೂರು ತಂತಿ ಏಕೆ ಎಂದು ತುಂಬ ಜನ ಕೇಳುತ್ತಾರೆ. ಅರ್ಧ ಚದರ ಮಿ.ಮೀ. ತಾಮ್ರದ ತಂತಿಗೆ ಕಿಲೋಮೀಟರಿಗೆ ಸುಮಾರು 39 ಓಮ್ ಪ್ರತಿರೋಧ. ಸೆನ್ಸರ್ 20 ಮೀಟರ್ ದೂರದಲ್ಲಿದ್ದರೆ ಹೋಗಿ ಬರುವ 40 ಮೀಟರಿಗೆ ಒಂದೂವರೆ ಓಮ್ ಆಯಿತು. ಒಂದು ಡಿಗ್ರಿಗೆ 0.385 ಓಮ್ ಲೆಕ್ಕದಲ್ಲಿ ಎರಡೇ ತಂತಿ ಹಾಕಿದವರ ಕೋಣೆ ನಾಲ್ಕು ಡಿಗ್ರಿ ಬಿಸಿಯಾಗಿ ಕಾಣುತ್ತದೆ. ಮೂರನೆಯ ತಂತಿ ಹಾಕಿದರೆ ಕಂಟ್ರೋಲರ್ ಈ ಹೆಚ್ಚುವರಿಯನ್ನು ಕಳೆದುಬಿಡುತ್ತದೆ. ಮೂರೂ ತಂತಿಗಳು ಒಂದೇ ದಪ್ಪ, ಒಂದೇ ಉದ್ದ ಇರಬೇಕು.

ಫ್ರೀಜರ್ ಕೋಣೆಗಳಲ್ಲಿ ಇದಕ್ಕಿಂತ ಕೆಟ್ಟದ್ದು ತೇವ. ಹೊರಗಿನ ಬಿಸಿ ಗಾಳಿ ಕಾಂಡ್ಯೂಟ್ ಒಳಗಿನಿಂದ ಹಾದು ಸೆನ್ಸರ್ ಹೆಡ್ ಸೇರಿ ಅಲ್ಲಿ ನೀರಾಗುತ್ತದೆ. ಆ ತೇವ ಎರಡು ಟರ್ಮಿನಲ್ ನಡುವೆ 10 ಕಿಲೋಓಮ್‌ನ ದಾರಿ ಮಾಡಿಕೊಂಡರೆ ಸಾಕು, −18 ಡಿಗ್ರಿಯಲ್ಲಿ 93 ಓಮ್ ಇರಬೇಕಾದದ್ದು 92ಕ್ಕೆ ಇಳಿದು, ರೀಡಿಂಗ್ ನಿಜಕ್ಕಿಂತ ಎರಡು ಡಿಗ್ರಿ ತಣ್ಣಗೆ ಕಾಣುತ್ತದೆ. ಕೋಣೆ ಬಿಸಿಯಾಗುತ್ತಿದ್ದರೂ ಸ್ಕ್ರೀನ್ ಮೇಲೆ ಎಲ್ಲ ಸರಿ ಇದ್ದಂತೆ ಕಾಣುವ ತಪ್ಪು ಇದು. ಅದಕ್ಕೇ ಕೋಣೆಯೊಳಗೆ ಜಂಕ್ಷನ್ ಬಾಕ್ಸ್ ಬೇಡ. ಸೆನ್ಸರಿನ ಸ್ವಂತ ಕೇಬಲ್ ಒಂದೇ ತುಂಡಾಗಿ ಹೊರಗೆ ಬರಲಿ. ಗೋಡೆ ತೂತನ್ನು ಬಿಸಿ ಕಡೆಯಿಂದ, ಅಂದರೆ ಹೊರಗಿನಿಂದ, ಸಿಲಿಕೋನ್ ಹಾಕಿ ಮುಚ್ಚಿ. ಕಾಂಡ್ಯೂಟ್ ಒಳಗನ್ನೂ ಮುಚ್ಚಬೇಕು, ಹೊರಗಿನ ಸುತ್ತನ್ನು ಮಾತ್ರವಲ್ಲ. ಸಾಮಾನ್ಯ ಪಿವಿಸಿ ಕೇಬಲ್ ಫ್ರೀಜರ್ ಚಳಿಗೆ ಗಡುಸಾಗಿ ಬಿರಿಯುತ್ತದೆ. ಅಲ್ಲಿ ಸಿಲಿಕೋನ್ ಅಥವಾ ಟೆಫ್ಲಾನ್ ಹೊದಿಕೆಯದನ್ನೇ ಬಳಸಿ.

ಸೆನ್ಸರ್ ಇಡುವ ಜಾಗ ಕೂಲರಿಗೆ ಗಾಳಿ ಮರಳುವ ಬದಿ. ಫ್ಯಾನ್ ಎದುರಿಗೆ ಇಟ್ಟರೆ ಕೋಣೆಯ ಬದಲು ಕೂಲರಿನ ತಾಪಮಾನ ಸಿಗುತ್ತದೆ.

ಪುಣೆ ಬಳಿಯ ಭೋಸರಿ, ಚಾಕಣದ ಫರ್ನೇಸ್ ಕೆಲಸದವರಿಗೆ ಒಂದು ಮಾತು. ಅಲ್ಲಿ ಪಿಟಿ100 ಅಲ್ಲ, ಕೆ ಟೈಪ್ ಥರ್ಮೋಕಪಲ್ (ಎರಡು ಲೋಹದ ತಂತಿಗಳ ಜೋಡಿಯ ಸೆನ್ಸರ್). ಅದಕ್ಕೆ ಕೆ ಟೈಪ್ ಕಾಂಪನ್ಸೇಟಿಂಗ್ ಕೇಬಲ್ಲೇ ಬೇಕು. ಅರ್ಜೆಂಟಿಗೆ ತಾಮ್ರದ ತಂತಿ ಜೋಡಿಸಿದರೆ ಥರ್ಮೋಕಪಲ್ ಹೆಡ್ 70 ಡಿಗ್ರಿ, ಪ್ಯಾನೆಲ್ 35 ಡಿಗ್ರಿ ಇದ್ದಾಗ ರೀಡಿಂಗ್ ಸುಮಾರು 35 ಡಿಗ್ರಿ ಕಡಿಮೆ ಬರುತ್ತದೆ, ಫರ್ನೇಸ್ ಅಷ್ಟೇ ಹೆಚ್ಚು ಕಾಯುತ್ತದೆ. ಕೇಬಲ್ ಬಣ್ಣವೂ ಮೋಸ ಮಾಡುತ್ತದೆ. ಐಇಸಿ (ಅಂತರರಾಷ್ಟ್ರೀಯ) ಪದ್ಧತಿಯಲ್ಲಿ ಹಸಿರು ಪ್ಲಸ್, ಬಿಳಿ ಮೈನಸ್. ಅಮೆರಿಕದ ಪದ್ಧತಿಯಲ್ಲಿ ಹಳದಿ ಪ್ಲಸ್, ಕೆಂಪು ಮೈನಸ್. ಕೆಂಪು ಎಂದರೆ ಪ್ಲಸ್ ಎಂದುಕೊಂಡು ಕೂಡಿಸಿದವರು ಬಹಳ.

ಆರ್‌ಎಸ್-485 ಕೇಬಲ್

ಕೇಬಲ್ ಒಂದು ಕಂಟ್ರೋಲರಿಗೆ ಬಂದು, ಅಲ್ಲಿಂದಲೇ ಮುಂದಿನದಕ್ಕೆ ಹೋಗಬೇಕು. ಮಣಿ ಪೋಣಿಸಿದ ಹಾಗೆ. ಆಫೀಸಿನಿಂದ ಆರು ಕಡೆಗೆ ಆರು ಕೇಬಲ್ ಎಳೆಯಬಾರದು. ಮಧ್ಯದಲ್ಲಿ ಕವಲು ತೆಗೆಯಲೇಬೇಕಾದರೆ ಕವಲು ಒಂದು ಮೀಟರಿನೊಳಗೆ ಇರಲಿ.

ಒಂದು ಜೋಡಿ ತಂತಿ ಎ ಮತ್ತು ಬಿಗೆ. ಇನ್ನೊಂದು ಜೋಡಿಯನ್ನು ಸೇರಿಸಿ ಕಾಮನ್ ಟರ್ಮಿನಲ್‌ಗೆ. ಈ ಕಾಮನ್ ಅನ್ನು ಬಿಟ್ಟುಬಿಡುವುದು ರೂಢಿಯಾಗಿದೆ. ಆರ್‌ಎಸ್-485 ಚಿಪ್ −7ರಿಂದ +12 ವೋಲ್ಟ್ ತನಕದ ಕಾಮನ್ ವೋಲ್ಟೇಜನ್ನು ಮಾತ್ರ ಸಹಿಸುತ್ತದೆ. ಎರಡು ಪ್ಯಾನೆಲ್‌ಗಳ ಅರ್ಥಿಂಗ್ ನಡುವೆ ಅದಕ್ಕಿಂತ ಹೆಚ್ಚು ವ್ಯತ್ಯಾಸ ಬಂದ ದಿನ ಲೈನ್ ಸಾಯುತ್ತದೆ, ಕೆಲವೊಮ್ಮೆ ಚಿಪ್ ಕೂಡ. ಶೀಲ್ಡನ್ನು ಒಂದೇ ತುದಿಯಲ್ಲಿ, ಗೇಟ್‌ವೇ ಕಡೆ, ಅರ್ಥ್ ಮಾಡಿ. ಕಂಪ್ರೆಸರ್ ಮೋಟರಿನ ಕೇಬಲ್‌ನಿಂದ 30 ಸೆಂ.ಮೀ. ದೂರ ಇಡಿ. ದಾಟಲೇಬೇಕಾದಲ್ಲಿ ನೇರ ಅಡ್ಡವಾಗಿ ದಾಟಿಸಿ. ವಿಎಫ್‌ಡಿ (ಮೋಟರ್ ವೇಗ ಬದಲಿಸುವ ಸಾಧನ) ಇರುವ ಮೋಟರಿನ ಕೇಬಲ್ ಇದ್ದರೆ ಅದೇ ಟ್ರೇಯಲ್ಲಿ ಖಂಡಿತ ಹಾಕಬೇಡಿ.

ಎ ಎಂದರೆ ಪ್ಲಸ್ಸೋ ಮೈನಸ್ಸೋ ಎಂಬುದರಲ್ಲಿ ತಯಾರಕರಲ್ಲೇ ಒಮ್ಮತವಿಲ್ಲ. ಒಬ್ಬರ ಎ ಇನ್ನೊಬ್ಬರ ಬಿ. ಡಿ+, ಡಿ− ಎಂದು ಬರೆದಿದ್ದರೆ ಅದನ್ನು ನಂಬಿ. ಇಲ್ಲದಿದ್ದರೆ ಕೂಡಿಸಿ ನೋಡಿ. ಉತ್ತರ ಬರದಿದ್ದರೆ ಎರಡನ್ನೂ ಅದಲು ಬದಲು ಮಾಡಿ. ತಿರುಗಾಮುರುಗಾ ಹಾಕಿದರೆ ಏನೂ ಸುಡುವುದಿಲ್ಲ.

ಸಾಲಿನ ಎರಡು ತುದಿಗಳಲ್ಲಿ 120 ಓಮ್ ರೆಸಿಸ್ಟರ್ ಹಾಕಬೇಕೆಂದು ಎಲ್ಲ ಕೈಪಿಡಿಗಳೂ ಹೇಳುತ್ತವೆ. ನಿಜ ಹೇಳಬೇಕೆಂದರೆ 9600 ಬಾಡ್ (ಸೆಕೆಂಡಿಗೆ 9600 ಬಿಟ್) ವೇಗದಲ್ಲಿ, 90 ಮೀಟರ್ ದೂರಕ್ಕೆ, ಅವಿಲ್ಲದೆಯೂ ಸಾಲು ನಡೆಯುತ್ತದೆ. ಒಂದು ಬಿಟ್ 104 ಮೈಕ್ರೋಸೆಕೆಂಡ್ ಇರುವಾಗ ತುದಿಯಿಂದ ಮರಳುವ ಪ್ರತಿಧ್ವನಿ ಒಂದು ಮೈಕ್ರೋಸೆಕೆಂಡಿನಲ್ಲೇ ಬಂದು ಅಡಗಿರುತ್ತದೆ. ಆದರೆ ರೆಸಿಸ್ಟರ್ ಹಾಕಿದ ಮೇಲೆ ಬಯಸ್ (ಲೈನ್ ಸುಮ್ಮನಿದ್ದಾಗ ಚಿಕ್ಕ ವೋಲ್ಟೇಜ್ ಹಿಡಿದಿಡುವ ರೆಸಿಸ್ಟರ್ ಜೋಡಿ) ಹಾಕದೆ ಬಿಡುವುದು ತೊಂದರೆ ಕೊಡುತ್ತದೆ. ಯಾರೂ ಮಾತಾಡದಾಗ ಎ–ಬಿ ನಡುವೆ ಕನಿಷ್ಠ 200 ಮಿಲಿವೋಲ್ಟ್ ಇರಬೇಕು. ಎರಡು 120 ಓಮ್ ಸೇರಿ 60 ಓಮ್ ಆಗಿ ಲೈನನ್ನು ಸೊನ್ನೆಗೆ ಎಳೆದು ಹಿಡಿಯುತ್ತವೆ. ಆಗ ಗದ್ದಲವನ್ನೇ ರಿಸೀವರ್ ಅಕ್ಷರ ಎಂದು ಓದುತ್ತದೆ. ಇದಕ್ಕೆ ಗೇಟ್‌ವೇ ಕಡೆ ಡಿ+ ಅನ್ನು 560 ಓಮ್ ಮೂಲಕ 5 ವೋಲ್ಟಿಗೆ, ಡಿ− ಅನ್ನು 560 ಓಮ್ ಮೂಲಕ ಕಾಮನ್‌ಗೆ ಕೊಡಿ. ಸುಮಾರು 250 ಮಿಲಿವೋಲ್ಟ್ ಸಿಗುತ್ತದೆ. ಬಹಳ ಗೇಟ್‌ವೇಗಳಲ್ಲಿ ಇದಕ್ಕೆ ಚಿಕ್ಕ ಸ್ವಿಚ್ ಇರುತ್ತದೆ. ಇದ್ದರೆ ಬಯಸ್ ಒಂದೇ ಕಡೆ ಆನ್ ಇರಲಿ.

ಎಲ್ಲ ಪವರ್ ಆಫ್ ಮಾಡಿ, ಬಯಸ್ ಕೂಡಿಸುವ ಮೊದಲು, ಎ–ಬಿ ನಡುವೆ ಓಮ್ ಅಳೆಯಿರಿ. 60ರ ಹತ್ತಿರ ಬಂದರೆ ಎರಡು ತುದಿಗಳೂ ಸರಿ. 120 ಬಂದರೆ ಮಧ್ಯದಲ್ಲಿ ಎಲ್ಲೋ ತಂತಿ ಬಿಟ್ಟಿದೆ, ಅಥವಾ ಒಂದು ರೆಸಿಸ್ಟರ್ ಇಲ್ಲ. 40 ಬಂದರೆ ಯಾವುದೋ ಕಂಟ್ರೋಲರಿನೊಳಗೆ ಮೂರನೆಯದೊಂದು ಆನ್ ಆಗಿ ಕೂತಿದೆ.

ಲ್ಯಾಪ್‌ಟಾಪ್‌ನಿಂದ ಓದಿ ನೋಡುವುದು

ಗೇಟ್‌ವೇಗೆ ಈಗಲೇ ಕೈ ಹಾಕಬೇಡಿ. ಕನ್ವರ್ಟರ್ ಮತ್ತು ಲ್ಯಾಪ್‌ಟಾಪ್ ಇಟ್ಟುಕೊಂಡು, ಒಂದೊಂದೇ ಕಂಟ್ರೋಲರನ್ನು ಓದಿ ಗೆದ್ದ ಮೇಲೆ ಮುಂದೆ ಹೋಗಿ. ಇಲ್ಲಿ ಕಳೆದ ಅರ್ಧ ದಿನ ಮುಂದೆ ಮೂರು ದಿನ ಉಳಿಸುತ್ತದೆ.

ಪ್ರತಿ ಕಂಟ್ರೋಲರಿಗೂ ಬೇರೆ ಬೇರೆ ಸ್ಲೇವ್ ಐಡಿ (ಲೈನ್ ಮೇಲೆ ಅದನ್ನು ಕರೆಯುವ ನಂಬರ್) ಕೊಡಿ: ಕೋಣೆ 1ಕ್ಕೆ 1, ಕೋಣೆ 2ಕ್ಕೆ 2. ಮಾಡ್‌ಬಸ್‌ನಲ್ಲಿ 1ರಿಂದ 247ರ ತನಕ ಅವಕಾಶ. ಹೊಸ ಕಂಟ್ರೋಲರ್‌ಗಳೆಲ್ಲ ಫ್ಯಾಕ್ಟರಿಯಿಂದ ಒಂದೇ ಐಡಿ ಹೊತ್ತು ಬರುತ್ತವೆ. ಎಲ್ಲವನ್ನೂ ಒಟ್ಟಿಗೆ ಕೂಡಿಸಿದರೆ ಎಲ್ಲವೂ ಒಟ್ಟಿಗೆ ಉತ್ತರ ಕೊಟ್ಟು ಸಿಆರ್‌ಸಿ ಎರರ್ (ಸಂದೇಶ ಕೆಟ್ಟಿದೆ ಎಂಬ ಸೂಚನೆ) ಬರುತ್ತದೆ. ಬಾಡ್ ರೇಟ್ 9600, 8 ಡೇಟಾ ಬಿಟ್. ಪ್ಯಾರಿಟಿ (ತಪ್ಪು ಹಿಡಿಯುವ ಹೆಚ್ಚುವರಿ ಬಿಟ್) ಮಾತ್ರ ನೋಡಿಕೊಳ್ಳಿ. ಮಾಡ್‌ಬಸ್ ನಿಯಮದ ಪ್ರಕಾರ ಈವನ್ ಇರಬೇಕು, ಆದರೆ ಮಾರುಕಟ್ಟೆಯ ಸಾಧನಗಳಲ್ಲಿ ಪ್ಯಾರಿಟಿ ಇಲ್ಲದ ಸೆಟಿಂಗ್ ಸಾಮಾನ್ಯ. ಯಾವುದಾದರೂ ಸರಿ, ಆರರಲ್ಲೂ ಒಂದೇ ಇರಲಿ. ಕೆಲವು ಕಂಟ್ರೋಲರ್‌ಗಳು ಪವರ್ ಆಫ್ ಮಾಡಿ ಆನ್ ಮಾಡಿದ ಮೇಲೇ ಹೊಸ ಸೆಟಿಂಗ್ ತೆಗೆದುಕೊಳ್ಳುತ್ತವೆ.

ಈಗ ರಿಜಿಸ್ಟರ್ ನಂಬರ್, ಅಂದರೆ ಕಂಟ್ರೋಲರಿನೊಳಗೆ ಪ್ರತಿ ಅಂಕಿ ಕೂತಿರುವ ಮನೆಯ ನಂಬರ್. ಕೈಪಿಡಿಯಲ್ಲಿ 40001 ಎಂದಿದ್ದರೆ ಅದು ಹೋಲ್ಡಿಂಗ್ ರಿಜಿಸ್ಟರ್, ಫಂಕ್ಷನ್ 03, ಲೈನ್ ಮೇಲೆ ಹೋಗುವ ವಿಳಾಸ 0. 30001 ಎಂದಿದ್ದರೆ ಇನ್‌ಪುಟ್ ರಿಜಿಸ್ಟರ್, ಫಂಕ್ಷನ್ 04, ವಿಳಾಸ ಮತ್ತೆ 0. ಕೆಲವು ಸಾಫ್ಟ್‌ವೇರ್ ಒಂದನ್ನು ತಾನೇ ಕಳೆಯುತ್ತದೆ, ಕೆಲವು ಕಳೆಯುವುದಿಲ್ಲ. ತಾಪಮಾನದ ಬದಲು ಸೆಟ್ ಪಾಯಿಂಟ್ (ಕಂಟ್ರೋಲರಿಗೆ ಕೊಟ್ಟ ಗುರಿ ತಾಪಮಾನ) ಬರುತ್ತಿದ್ದರೆ ಈ ಒಂದರ ತಪ್ಪೇ ಎಂದು ತಿಳಿಯಿರಿ. ಗುರುತಿಸುವುದು ಸುಲಭ: ಸೆಟ್ ಪಾಯಿಂಟ್ ಅಲುಗುವುದಿಲ್ಲ, ತಾಪಮಾನ ಅಲುಗುತ್ತದೆ. ಸೆನ್ಸರನ್ನು ಮುಷ್ಟಿಯಲ್ಲಿ ಹಿಡಿದು ನೋಡಿ.

ಬಂದ ಸಂಖ್ಯೆಯಲ್ಲಿ ದಶಾಂಶ ಚುಕ್ಕಿ ಇರುವುದಿಲ್ಲ. 4.2 ಡಿಗ್ರಿ 42 ಎಂದು ಬರುತ್ತದೆ, 10ರಿಂದ ಭಾಗಿಸಬೇಕು. ಫ್ರೀಜರ್ ಕೋಣೆಯಲ್ಲಿ ಇನ್ನೊಂದು ತೊಡಕು. −18.4 ಡಿಗ್ರಿ ಲೈನ್ ಮೇಲೆ 65352 ಆಗಿ ಬರುತ್ತದೆ, ಅಂದರೆ 65536ರಲ್ಲಿ 184 ಕಳೆದದ್ದು. ಗೇಟ್‌ವೇಯಲ್ಲಿ ಡೇಟಾ ಟೈಪ್ ‘ಸೈನ್ಡ್ 16 ಬಿಟ್’ ಎಂದು ಆರಿಸದಿದ್ದರೆ ಸ್ಕ್ರೀನ್ ಮೇಲೆ 6535.2 ಡಿಗ್ರಿ ಕಾಣುತ್ತದೆ. ಹಣ್ಣಿನ ಕೋಣೆಗಳಲ್ಲಿ ಈ ತಪ್ಪು ಅಡಗಿ ಕೂತಿದ್ದು, ತಾಪಮಾನ ಸೊನ್ನೆಗಿಂತ ಕೆಳಗೆ ಇಳಿದ ರಾತ್ರಿ ಹೊರಬರುತ್ತದೆ.

ಕೆಲವು ಸಾಧನಗಳು ತಾಪಮಾನವನ್ನು ಎರಡು ರಿಜಿಸ್ಟರ್ ಸೇರಿಸಿ 32 ಬಿಟ್ ಫ್ಲೋಟ್ (ದಶಾಂಶ ಸಂಖ್ಯೆ) ಆಗಿ ಕೊಡುತ್ತವೆ. 25.5 ಡಿಗ್ರಿ ಎಂದರೆ 16844 ಮತ್ತು 0. ಇವೆರಡರ ಕ್ರಮ ಅದಲು ಬದಲಾದರೆ ಸ್ಕ್ರೀನ್ ಮೇಲೆ 0.00 ನಿಂತುಬಿಡುತ್ತದೆ. ಆಗ ವರ್ಡ್ ಸ್ವ್ಯಾಪ್ ಆಯ್ಕೆ ಬದಲಿಸಿ.

ಸೆನ್ಸರ್ ತಂತಿ ಕಿತ್ತು, ಆಗ ಯಾವ ಸಂಖ್ಯೆ ಬರುತ್ತದೆ ಎಂದು ಬರೆದಿಟ್ಟುಕೊಳ್ಳಿ. 32767 ಬರಬಹುದು, ಬೇರೇನೋ ಬರಬಹುದು, ತಯಾರಕರ ಇಷ್ಟ. ಆ ಸಂಖ್ಯೆಯನ್ನು ತಾಪಮಾನ ಎಂದು ದಾಖಲಿಸದೆ ‘ಸೆನ್ಸರ್ ದೋಷ’ ಎಂದು ಗೇಟ್‌ವೇ ತಿಳಿಯಬೇಕು.

ಗೇಟ್‌ವೇ, ಸಿಮ್, ಆಂಟೆನಾ

ಗೇಟ್‌ವೇ 10 ಸೆಕೆಂಡಿಗೊಮ್ಮೆ ಆರನ್ನೂ ಓದಲಿ, ನಿಮಿಷಕ್ಕೊಮ್ಮೆ ಕಳಿಸಲಿ. ಟೈಮ್‌ಔಟ್ ಅರ್ಧ ಸೆಕೆಂಡ್, ಮರುಪ್ರಯತ್ನ ಒಂದು ಸಾಕು. ಟೈಮ್‌ಔಟ್ 3 ಸೆಕೆಂಡ್, ಮರುಪ್ರಯತ್ನ 3 ಇಟ್ಟರೆ ಒಂದು ಕಂಟ್ರೋಲರ್ ಕೆಟ್ಟ ದಿನ ಉಳಿದ ಐದೂ 12 ಸೆಕೆಂಡ್ ಕಾಯಬೇಕಾಗುತ್ತದೆ. ಒಂದು ಸಂದೇಶ 200 ಬೈಟ್ ಎಂದಿಟ್ಟುಕೊಂಡರೆ ತಿಂಗಳಿಗೆ 9 ಎಂಬಿಯೊಳಗೆ. ಎನ್‌ಕ್ರಿಪ್ಶನ್ ಮತ್ತಿತರ ಹೊರೆ ಸೇರಿದರೂ ಅತಿ ಚಿಕ್ಕ ಡೇಟಾ ಪ್ಲಾನ್ ಸಾಕಾಗುತ್ತದೆ.

ಸಿಮ್ ಎಂ2ಎಂ (ಯಂತ್ರಗಳಿಗೆಂದೇ ಕೊಡುವುದು) ಆಗಿರಲಿ, 13 ಅಂಕಿಯ ನಂಬರಿನದು. ಎಪಿಎನ್ (ಇಂಟರ್ನೆಟ್ಟಿಗೆ ಹೋಗುವ ದ್ವಾರ) ಹೆಸರು ಸಿಮ್ ಜೊತೆಗೇ ಕೇಳಿ ಪಡೆಯಿರಿ. ಫೋನ್ ಸಿಮ್‌ನ ಎಪಿಎನ್ ಅದಕ್ಕೆ ನಡೆಯದಿರಬಹುದು. ಗೇಟ್‌ವೇ 2ಜಿ ಮಾತ್ರದ್ದಾದರೆ ಜಿಯೋ ಸಿಮ್ ಹಾಕಿ ಫಲವಿಲ್ಲ, ಅಲ್ಲಿ 2ಜಿ ಇಲ್ಲ.

ಕೋಲ್ಡ್ ಸ್ಟೋರೇಜ್ ಗೋಡೆ ಎಂದರೆ ಎರಡು ತಗಡಿನ ನಡುವೆ ಪಫ್ ಫೋಮ್. ರೇಡಿಯೋ ಅಲೆ ಒಳಗೆ ಬರುವುದಿಲ್ಲ. ಕಬ್ಬಿಣದ ಪ್ಯಾನೆಲ್ ಬಾಕ್ಸ್ ಒಳಗೆ ಗೇಟ್‌ವೇಯ ಪುಟ್ಟ ಆಂಟೆನಾ ಬಿಟ್ಟರೂ ಅದೇ ಗತಿ. ಆಂಟೆನಾ ಹೊರಗೆ, ಕಿಟಕಿ ಬಳಿ ಅಥವಾ ಶೆಡ್ಡಿನ ಹೊರಗೋಡೆಗೆ. ಗೇಟ್‌ವೇ ಪುಟದಲ್ಲಿ ಆರ್‌ಎಸ್‌ಆರ್‌ಪಿ (ಸಿಗ್ನಲ್ ಬಲ) −100 ಡಿಬಿಎಂಗಿಂತ ಮೇಲೆ, ಅಂದರೆ −90, −85 ಕಡೆಗೆ ಇರಲಿ. −115ರಲ್ಲಿ ಬೆಳಿಗ್ಗೆ ಸರಿಯಾಗಿದ್ದದ್ದು ಜಡಿಮಳೆಯ ಸಂಜೆ ಕೈ ಕೊಡಬಹುದು.

ಹೊರಗಿನಿಂದ ಗೇಟ್‌ವೇ ಒಳಗೆ ಹೋಗಿ ನೋಡುವ ಪದ್ಧತಿ ಬೇಡ, ಗೇಟ್‌ವೇಯೇ ಹೊರಗೆ ಮಾತಾಡಲಿ. ಸಾಮಾನ್ಯ ಸಿಮ್‌ಗೆ ಹೊರಗಿನಿಂದ ತಲುಪುವ ಐಪಿ ಸಿಗುವುದೂ ಇಲ್ಲ. ಅದಕ್ಕೆಂದೇ ಸ್ಟ್ಯಾಟಿಕ್ ಐಪಿ ಕೊಂಡು ಮಾಡ್‌ಬಸ್‌ನ 502 ಪೋರ್ಟನ್ನು ಇಂಟರ್ನೆಟ್ಟಿಗೆ ತೆರೆದಿಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮಾಡ್‌ಬಸ್‌ಗೆ ಪಾಸ್‌ವರ್ಡ್ ಎಂಬುದೇ ಇಲ್ಲ. ಆ ಪೋರ್ಟ್ ಸಿಕ್ಕಿದ ಯಾರಾದರೂ ಮೀನಿನ ಕೋಣೆಯ ಸೆಟ್ ಪಾಯಿಂಟನ್ನು +18 ಮಾಡಬಹುದು. ಎಂಕ್ಯೂಟಿಟಿ (ಬ್ರೋಕರ್ ಎಂಬ ಸರ್ವರಿಗೆ ಚಿಕ್ಕ ಸಂದೇಶ ಕಳಿಸುವ ಪದ್ಧತಿ) ಬಳಸಿ, 8883 ಪೋರ್ಟ್, ಟಿಎಲ್‌ಎಸ್ ಎನ್‌ಕ್ರಿಪ್ಶನ್ ಜೊತೆ, ಕ್ಯೂಓಎಸ್ 1 (ತಲುಪಿದ ಒಪ್ಪಿಗೆ ಬರದಿದ್ದರೆ ಮತ್ತೆ ಕಳಿಸುವುದು). ಗೇಟ್‌ವೇಯಲ್ಲಿ ಬರೆಯುವ ಫಂಕ್ಷನ್‌ಗಳನ್ನು (05, 06, 15, 16) ಮುಚ್ಚಿಡಿ. ಬಾಕ್ಸ್ ಬಿಚ್ಚಿದ ದಿನವೇ ಫ್ಯಾಕ್ಟರಿ ಪಾಸ್‌ವರ್ಡ್ ಬದಲಿಸಿ. ಗಡಿಯಾರವನ್ನು ಎನ್‌ಟಿಪಿಗೆ (ಇಂಟರ್ನೆಟ್ಟಿನಿಂದ ಸಮಯ ಕೊಡುವ ಸೇವೆ) ಕೂಡಿಸಿ, ಸಮಯವಲಯ +5:30 ಕೊಡಿ.

ಸುದ್ದಿ ನಿಂತರೆ ಅದೂ ಸುದ್ದಿಯೇ

ಹೆಚ್ಚು ಅನಾಹುತ ಆಗುವುದು ಇಲ್ಲಿ. ಗೇಟ್‌ವೇಗೆ ಕಂಪ್ರೆಸರ್ ಪ್ಯಾನೆಲ್‌ನಿಂದಲೇ ಕರೆಂಟ್ ಕೊಟ್ಟಿರುತ್ತಾರೆ. ಮಹಾವಿತರಣದ (ಮಹಾರಾಷ್ಟ್ರದ ವಿದ್ಯುತ್ ಕಂಪನಿ) ಲೈನ್ ಹೋದಾಗ ಕಂಪ್ರೆಸರ್ ನಿಲ್ಲುತ್ತದೆ, ಗೇಟ್‌ವೇಯೂ ನಿಲ್ಲುತ್ತದೆ. ಫೋನಿನಲ್ಲಿ ಕೊನೆಯ ಅಂಕಿ −18.2 ಹಾಗೆಯೇ ಉಳಿದಿರುತ್ತದೆ. ನೋಡಿದವರು ನೆಮ್ಮದಿಯಿಂದ ಮಲಗುತ್ತಾರೆ.

ಇದಕ್ಕೆ ಮೂರು ಕೆಲಸ ಮಾಡಬೇಕು. ಗೇಟ್‌ವೇಗೆ ಡಿಸಿ ಯುಪಿಎಸ್ ಮೊದಲನೆಯದು. 12 ವೋಲ್ಟ್ 7 ಆಂಪಿಯರ್-ಅವರ್ ಬ್ಯಾಟರಿಯಲ್ಲಿ 84 ವ್ಯಾಟ್-ಅವರ್. ಅರ್ಧವನ್ನೇ ನಂಬಿದರೂ 5 ವ್ಯಾಟಿನ ಗೇಟ್‌ವೇಗೆ ಎಂಟು ಗಂಟೆ. ಕಂಟ್ರೋಲರ್‌ಗಳು ಸಹ ಯುಪಿಎಸ್ ಮೇಲಿದ್ದರೆ ಕರೆಂಟ್ ಇಲ್ಲದ ಹೊತ್ತಿನ ತಾಪಮಾನವೂ ದಾಖಲಾಗುತ್ತದೆ. ಎರಡನೆಯದು, ಪ್ಯಾನೆಲ್‌ನ ಸಿಂಗಲ್ ಫೇಸ್ ಪ್ರಿವೆಂಟರಿನ (ಒಂದು ಫೇಸ್ ಹೋದರೂ ಮೋಟರ್ ನಿಲ್ಲಿಸುವ ರಿಲೇ) ಖಾಲಿ ಕಾಂಟ್ಯಾಕ್ಟನ್ನು ಗೇಟ್‌ವೇಯ ಡಿಜಿಟಲ್ ಇನ್‌ಪುಟ್‌ಗೆ ತನ್ನಿ. ತಾಪಮಾನ ಏರುವ ಮೊದಲೇ ‘ಕರೆಂಟ್ ಹೋಯಿತು’ ಎಂಬ ಸುದ್ದಿ ಬರುತ್ತದೆ. ಮೂರನೆಯದು ಸರ್ವರ್ ಕಡೆಯ ಕಾವಲು. ಎಂಕ್ಯೂಟಿಟಿಯ ಕೀಪ್‌ಅಲೈವ್ (‘ಬದುಕಿದ್ದೇನೆ’ ಎಂದು ಹೇಳುವ ಅವಧಿ) 60 ಸೆಕೆಂಡ್ ಇಟ್ಟು, ಲಾಸ್ಟ್ ವಿಲ್ ಸಂದೇಶ ಬರೆದಿಡಿ. ಕೀಪ್‌ಅಲೈವ್‌ನ ಒಂದೂವರೆ ಪಟ್ಟು ಸಮಯ, ಅಂದರೆ 90 ಸೆಕೆಂಡ್, ಗೇಟ್‌ವೇ ಸುಮ್ಮನಿದ್ದರೆ ಬ್ರೋಕರ್ ಆ ಸಂದೇಶವನ್ನು ತಾನೇ ಹೊರಡಿಸುತ್ತದೆ. ಜೊತೆಗೆ ಪ್ರತಿ ಕೋಣೆಗೂ ‘10 ನಿಮಿಷದಿಂದ ರೀಡಿಂಗ್ ಇಲ್ಲ’ ಎಂಬ ಅಲಾರಂ ಬೇರೆಯೇ ಇರಲಿ. ಗೇಟ್‌ವೇ ಜೀವಂತವಿದ್ದು ಆರ್‌ಎಸ್-485 ಲೈನ್ ತುಂಡಾದರೆ ಲಾಸ್ಟ್ ವಿಲ್‌ಗೆ ಗೊತ್ತಾಗುವುದಿಲ್ಲ. ಸ್ಕ್ರೀನ್ ಮೇಲೆ ಅಂಕಿಯ ಪಕ್ಕ ಅದರ ಸಮಯವೂ ಕಾಣಲಿ, ಹಳೆಯದಾದರೆ ಬೂದು ಬಣ್ಣಕ್ಕೆ ತಿರುಗಲಿ.

ಭೋಸರಿಯಲ್ಲಿ ಗುರುವಾರದ ವಾರದ ರಜೆಗೆ ಮೇನ್ ಸ್ವಿಚ್ಚೇ ಆಫ್ ಮಾಡಿ ಹೋಗುವ ಕಾರ್ಖಾನೆಗಳಿವೆ. ಅಲ್ಲಿ ಈ ಅಲಾರಂ ಪ್ರತಿ ಗುರುವಾರ ಕೂಗುತ್ತದೆಂದು ಅದನ್ನೇ ಬಂದ್ ಮಾಡಬೇಡಿ. ಗೇಟ್‌ವೇಗೆ ಬೇರೆ ಎಂಸಿಬಿ ಹಾಕಿಸಿ.

ಅಲಾರಂ ಮಿತಿ ಮತ್ತು ಸಂದೇಶ

ಮೊದಲ ವಾರ ಅಲಾರಂ ಯಾರಿಗೂ ಕಳಿಸಬೇಡಿ, ಬರೀ ದಾಖಲಿಸಿ. ಡಿಫ್ರಾಸ್ಟ್ (ಕೂಲರಿನ ಮಂಜು ಕರಗಿಸುವ) ಹೊತ್ತಿನಲ್ಲಿ ಗಾಳಿಯ ತಾಪಮಾನ ಏರುವುದು ಗ್ರಾಫಿನಲ್ಲಿ ಹಲ್ಲಿನಂತೆ ಕಾಣುತ್ತದೆ. ಆ ಹಲ್ಲು 20–30 ನಿಮಿಷ ಇದ್ದರೆ, ಮೀನಿನ ಕೋಣೆಗೆ −15 ಮಿತಿ, 40 ನಿಮಿಷ ತಡ ಎಂದಿಡಿ. −10 ದಾಟಿದರೆ 5 ನಿಮಿಷದಲ್ಲೇ ಕೂಗುವ ಎರಡನೆಯ ಮಿತಿಯೂ ಬೇಕು. ಅಲಾರಂ ಆರುವುದು −16ಕ್ಕೆ. −15ಕ್ಕೇ ಆರಿಸಿದರೆ ಗೆರೆಯ ಮೇಲೆ ಓಲಾಡುತ್ತ ರಾತ್ರಿಯಿಡೀ ಇಪ್ಪತ್ತು ಸಂದೇಶ ಬರುತ್ತವೆ. ಹಾಗಾದ ಮಾರನೆಯ ದಿನ ಆ ಫೋನ್ ಸೈಲೆಂಟ್ ಆಗುತ್ತದೆ. ಗೋವಾದ ವೆರ್ಣಾದ ಔಷಧ ಗೋದಾಮುಗಳಂಥ 2–8 ಡಿಗ್ರಿಯ ಕೋಣೆಗಳಲ್ಲಿ ಸೆನ್ಸರನ್ನು ಗ್ಲೈಕಾಲ್ ತುಂಬಿದ ಚಿಕ್ಕ ಬಾಟಲಿಯಲ್ಲಿಟ್ಟರೆ ಬಾಗಿಲು ತೆರೆದ ಗಾಳಿಗಲ್ಲ, ಸರಕಿನ ನಿಜವಾದ ತಾಪಮಾನಕ್ಕೆ ಹತ್ತಿರದ ಅಂಕಿ ಸಿಗುತ್ತದೆ.

ರಾತ್ರಿ ಪಾಳಿಯವರು ಕನ್ನಡಿಗರಾದರೆ ಸಂದೇಶ ಕನ್ನಡದಲ್ಲೇ ಇರಲಿ. ನಿದ್ದೆಗಣ್ಣಿನಲ್ಲಿ ಓದಬೇಕಾದದ್ದು ತಾಯ್ನುಡಿಯಲ್ಲಿದ್ದರೆ ಕೈ ಬೇಗ ಹೋಗುತ್ತದೆ. ಇಂಗ್ಲಿಷ್ ಎಸ್‌ಎಂಎಸ್‌ಗೆ 160 ಅಕ್ಷರ ಜಾಗ, ಕನ್ನಡದ್ದಕ್ಕೆ 70 ಮಾತ್ರ. ಅದರಲ್ಲೂ ಕಾಗುಣಿತದ ಚಿಹ್ನೆ ಬೇರೆಯೇ ಎಣಿಕೆಯಾಗುತ್ತದೆ: ‘ಕೋಣೆ’ ಎಂದರೆ ನಾಲ್ಕು. ‘ಕೋಣೆ 3: -12.5, ಮಿತಿ -15. 40 ನಿಮಿಷ. ಬಾಗಿಲು ನೋಡಿ’ ಎಂಬುದು 46ರಲ್ಲಿ ಮುಗಿಯುತ್ತದೆ. ಎಸ್‌ಎಂಎಸ್ ಸೇವೆಯ ಮೂಲಕ ಕಳಿಸುವುದಾದರೆ ಟ್ರಾಯ್ (ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ) ನಿಯಮದಂತೆ ಡಿಎಲ್‌ಟಿ ಎಂಬ ನೋಂದಣಿ ವ್ಯವಸ್ಥೆಯಲ್ಲಿ ಹೆಡರ್ (ಕಳಿಸುವವರ ಹೆಸರು) ಮತ್ತು ಟೆಂಪ್ಲೇಟ್ (ಸಂದೇಶದ ಮಾದರಿ) ಎರಡನ್ನೂ ನೋಂದಾಯಿಸಬೇಕು. ಒಂದು ಪದ ಬದಲಾದರೂ ಸಂದೇಶ ಹೋಗುವುದಿಲ್ಲ. ಈ ಕೆಲಸವನ್ನು ಕೇಬಲ್ ಎಳೆಯುವ ದಿನವೇ ಶುರು ಮಾಡಿ. ಎಂ2ಎಂ ಸಿಮ್‌ನಿಂದ ನೇರ ಎಸ್‌ಎಂಎಸ್ ಅಥವಾ ಕರೆ ಬೇಕಿದ್ದರೆ ಮೊದಲೇ ನಿಗದಿ ಮಾಡಿಸಿದ ನಂಬರ್‌ಗಳಿಗೆ ಮಾತ್ರ ಸಾಧ್ಯ. ಎರಡನೆಯ ಮಿತಿಗೆ ಎಸ್‌ಎಂಎಸ್ ಸಾಲದು, ಸ್ವಯಂಚಾಲಿತ ಫೋನ್ ಕರೆ ಬೇಕು. ಎಸ್‌ಎಂಎಸ್ ಸದ್ದಿಗೆ ಮಲಗಿದವರು ಏಳುವುದಿಲ್ಲ.

ಒಪ್ಪಿಸುವ ಮೊದಲು

ಎಲ್ಲವನ್ನೂ ಕೈಯಾರೆ ಕೆಡಿಸಿ ನೋಡಿ, ಪ್ರತಿ ಸಲ ಎಷ್ಟು ಹೊತ್ತಿಗೆ ಯಾರ ಫೋನಿಗೆ ಏನು ಬಂತೆಂದು ಬರೆಯಿರಿ.

1. ಒಂದು ಸೆನ್ಸರ್ ತಂತಿ ಬಿಚ್ಚಿ. ‘ಸೆನ್ಸರ್ ದೋಷ’ ಬರಬೇಕು, ತಾಪಮಾನವಲ್ಲ.
2. ಮೂರನೆಯ ಕೋಣೆಯಲ್ಲಿ ಎ ತಂತಿ ಬಿಚ್ಚಿ. ಗೇಟ್‌ವೇಯಿಂದ ನೋಡಿದರೆ ಅದರಾಚೆಗಿರುವ ಕೋಣೆಗಳಿಗೆಲ್ಲ ‘ರೀಡಿಂಗ್ ಇಲ್ಲ’ ಬರಬೇಕು.
3. ಮೇನ್ ಆಫ್ ಮಾಡಿ. ಕರೆಂಟ್ ಸಂದೇಶ ಬರಬೇಕು, ಗೇಟ್‌ವೇ ಬದುಕಿರಬೇಕು.
4. ಆಂಟೆನಾ ಬಿಚ್ಚಿ ಅರ್ಧ ಗಂಟೆ ಬಿಡಿ. ಲಾಸ್ಟ್ ವಿಲ್ ಬರಬೇಕು. ಮತ್ತೆ ಕೂಡಿಸಿದಾಗ ಆ ಅರ್ಧ ಗಂಟೆಯ ರೀಡಿಂಗ್‌ಗಳು ತಮ್ಮ ಸರಿಯಾದ ಸಮಯದೊಂದಿಗೆ ತುಂಬಬೇಕು.
5. ಕಂಪ್ರೆಸರ್ ಚಾಲೂ ಮಾಡುವ ಕ್ಷಣದಲ್ಲಿ ಎರರ್ ಎಣಿಕೆ ನೋಡಿ. ಆಗ ಮಾತ್ರ ಏರಿದರೆ ಶೀಲ್ಡ್ ಅಥವಾ ಕೇಬಲ್ ದಾರಿ ತಪ್ಪಿದೆ.

ಪ್ಯಾನೆಲ್ ಬಾಗಿಲ ಒಳಬದಿಗೆ ಒಂದು ಹಾಳೆ ಅಂಟಿಸಿ: ಕೋಣೆ, ಸ್ಲೇವ್ ಐಡಿ, ಬಾಡ್ ರೇಟ್, ಪ್ಯಾರಿಟಿ, ಯಾವ ಬಣ್ಣದ ತಂತಿ ಡಿ+, ಟರ್ಮಿನೇಶನ್ (120 ಓಮ್ ರೆಸಿಸ್ಟರ್) ಎಲ್ಲೆಲ್ಲಿ, ಸಿಮ್ ನಂಬರ್. ಕನ್ನಡದ ಜೊತೆ ಮರಾಠಿಯಲ್ಲೂ ಬರೆಯಿಸಿ. ಮುಂದೆ ಬಾಗಿಲು ತೆರೆಯುವವರು ಯಾರೋ ಗೊತ್ತಿಲ್ಲ. ಪಾಸ್‌ವರ್ಡ್ ಮಾತ್ರ ಅಲ್ಲಿ ಬರೆಯಬೇಡಿ.

ಮೇ ತಿಂಗಳಲ್ಲಿ, ಮಳೆಗೆ ಮೊದಲು, ಗ್ಲ್ಯಾಂಡ್ ಬಿಗಿ ಮಾಡಿ, ಸಿಲಿಕಾ ಜೆಲ್ ಬದಲಿಸಿ, ಐಸ್ ಪರೀಕ್ಷೆ ಮತ್ತೊಮ್ಮೆ ಮಾಡಿ. ಗೋವಾ, ಮುಂಬೈಯ ಉಪ್ಪು ಗಾಳಿಗೆ ಬರಿ ತಾಮ್ರದ ತುದಿ ಹಸಿರುಗಟ್ಟುತ್ತದೆ, ಆದ್ದರಿಂದ ತವರ ಲೇಪಿಸಿದ ಫೆರೂಲ್ ಇಲ್ಲದ ಒಂದು ತುದಿಯನ್ನೂ ಬಿಡಬೇಡಿ. ಕೇಬಲ್ ಒಂದು ಕಟ್ಟಡದಿಂದ ಇನ್ನೊಂದಕ್ಕೆ ತೆರೆದ ಜಾಗದಲ್ಲಿ ಹೋಗುತ್ತಿದ್ದರೆ ಎರಡೂ ಕಡೆ ಸರ್ಜ್ ಪ್ರೊಟೆಕ್ಟರ್ ಬೇಕು. ಬ್ಯಾಟರಿಯನ್ನು ಎರಡು ವರ್ಷಕ್ಕೊಮ್ಮೆ ಬದಲಿಸಿ. ಜಾತ್ರೆಗೆ, ಯುಗಾದಿಗೆ ಆಪರೇಟರ್ ಊರಿಗೆ ಹೊರಡುವ ಹಿಂದಿನ ದಿನ ಅಲಾರಂ ಪಟ್ಟಿಯಲ್ಲಿ ಅವರ ನಂಬರ್ ತೆಗೆದು, ಬದಲಿಗೆ ನಿಲ್ಲುವವರ ನಂಬರ್ ಹಾಕಿ, ಒಂದು ಪರೀಕ್ಷಾ ಕರೆ ಕಳಿಸಿ ಅವರು ಎತ್ತಿದ್ದನ್ನು ನೋಡಿಕೊಳ್ಳಿ.